ಫ್ರಿಜ್ಜಿಗೆ ನೀರಿನ ಲೈನು: ನೀರು ಬಾರದೆ, ಐಸ್ ಕಟ್ಟದೆ ಇದ್ದಾಗ ದೋಷ ಹುಡುಕುವ ಬಗೆ

ಬಾಗಿಲಲ್ಲೇ ತಣ್ಣೀರು, ಐಸ್ ಕೊಡುವ ದೊಡ್ಡ ಫ್ರಿಜ್ ಮನೆಗೆ ಬಂದ ವಾರದೊಳಗೆ ಮುಂಬಯಿ, ಪುಣೆಯ ಫ್ಲ್ಯಾಟುಗಳಲ್ಲಿ ಕೇಳಿಬರುವ ದೂರು ಹೆಚ್ಚುಕಡಿಮೆ ಒಂದೇ. ನೀರು ನೂಲಿನಂತೆ ಬರುತ್ತದೆ. ಐಸ್ ತುಂಡು ಚಿಕ್ಕದು, ಒಳಗೆ ಟೊಳ್ಳು. ಅಥವಾ ಐಸ್ ಡಬ್ಬಿಯೆಲ್ಲ ಒಂದೇ ಗಡ್ಡೆ. ಕಂಪನಿಯ ಮೆಕ್ಯಾನಿಕ್ ಬಂದು ವಾಲ್ವ್ ಬದಲಿಸುತ್ತಾನೆ, ಫಿಲ್ಟರ್ ಬದಲಿಸುತ್ತಾನೆ, ನಾಲ್ಕು ದಿನಕ್ಕೆ ಮತ್ತದೇ ಕಥೆ. ಏಕೆಂದರೆ ದೋಷ ಇರುವುದು ಫ್ರಿಜ್ಜಿನೊಳಗಲ್ಲ, ಟೆರೇಸಿನ ಟಾಂಕಿಗೂ ನಿಮ್ಮ ಅಡುಗೆಮನೆಗೂ ನಡುವಿನ ಎತ್ತರದಲ್ಲಿ. ಹಾಗಾಗಿ ಮೊದಲು ನೀರಿನ ಒತ್ತಡ ಅಳೆಯಿರಿ, ಆಮೇಲೆ ಪೈಪು, ಆಮೇಲೆ ಫಿಲ್ಟರ್, ಕಟ್ಟಕಡೆಗೆ ಫ್ರಿಜ್. ಈ ಕ್ರಮ ತಪ್ಪಿಸಿದರೆ ಆಗುವುದು ದಂಡದ ಖರ್ಚು ಮಾತ್ರ.

ಇದಕ್ಕೂ ಮುಂಚೆ ಒಂದು ಮಾತು ಖಚಿತ ಮಾಡಿಕೊಳ್ಳಿ. ನೀರು ಕೊಡುವ ಎಲ್ಲ ಫ್ರಿಜ್ಜಿಗೂ ಲೈನು ಬೇಡ. ಎಷ್ಟೋ ಮಾದರಿಗಳಲ್ಲಿ ಒಳಗೇ ಕೆಲವು ಲೀಟರಿನ ಡಬ್ಬಿ ಇರುತ್ತದೆ, ಕೈಯಿಂದ ನೀರು ತುಂಬಿಸಿದರೆ ಸಾಕು. ಹಿಂಬದಿಯಲ್ಲಿ ಕಾಲಿಂಚಿನ ಪೈಪು ಸಿಕ್ಕಿಸುವ ವಾಲ್ವ್ ಇದ್ದರೆ ಮಾತ್ರ ಮುಂದಿನದೆಲ್ಲ ನಿಮಗೆ ಅನ್ವಯ.

ಮಹಡಿ ಎಣಿಸಿ

ಫ್ರಿಜ್ಜಿನ ಜೊತೆ ಬರುವ ಪುಸ್ತಕದಲ್ಲಿ ನೀರಿನ ಒತ್ತಡ ಎಷ್ಟಿರಬೇಕೆಂದು ಬರೆದಿರುತ್ತದೆ. ಸಾಮಾನ್ಯವಾಗಿ ಅದು 20ರಿಂದ 120 ಪಿಎಸ್‌ಐ, ಅಂದರೆ 1.4ರಿಂದ 8.3 ಬಾರ್. ಇಲ್ಲಿಯ ಪ್ಲಂಬರುಗಳು ಇದನ್ನೇ ಕೇಜಿ ಲೆಕ್ಕದಲ್ಲಿ ಹೇಳುತ್ತಾರೆ. ಒಂದು ಕೇಜಿ ಪ್ರೆಷರ್ ಎಂದರೆ ಸುಮಾರು 14 ಪಿಎಸ್‌ಐ. ಫ್ರಿಜ್ಜಿಗೆ ಕಡಿಮೆಯೆಂದರೂ ಒಂದೂವರೆ ಕೇಜಿ ಬೇಕು.

ಪಂಪ್ ಇಲ್ಲದೆ ಟಾಂಕಿಯಿಂದ ಇಳಿದು ಬರುವ ನೀರಿಗೆ ಲೆಕ್ಕ ಸುಲಭ. ಟಾಂಕಿಯ ನೀರಿನ ಮಟ್ಟದಿಂದ 10 ಮೀಟರ್ ಕೆಳಗೆ 1 ಬಾರ್. ಒಂದು ಮಹಡಿಗೆ ಸುಮಾರು 3 ಮೀಟರ್ ಹಿಡಿದರೆ ಮಹಡಿಗೆ ನಾಲ್ಕು ಚಿಲ್ಲರೆ ಪಿಎಸ್‌ಐ. 20 ಪಿಎಸ್‌ಐ ಆಗಬೇಕಾದರೆ ನೀರು 14 ಮೀಟರ್ ಇಳಿದಿರಬೇಕು. ಡೊಂಬಿವಲಿ, ಮುಲುಂಡ್, ಚೆಂಬೂರುಗಳಲ್ಲಿ ಕಾಣುವ, ನೆಲಮಹಡಿಯ ಮೇಲೆ ನಾಲ್ಕು ಮಹಡಿಯಿರುವ ಹಳೇ ಬಿಲ್ಡಿಂಗನ್ನೇ ತೆಗೆದುಕೊಳ್ಳಿ. ನಾಲ್ಕನೇ ಮಹಡಿಯವರಿಗೂ ಟಾಂಕಿಗೂ ಇರುವ ಅಂತರ ನಾಲ್ಕೂವರೆ, ಐದು ಮೀಟರ್; ಸಿಗುವುದು 6, 7 ಪಿಎಸ್‌ಐ. ಒಂದನೇ ಮಹಡಿ ಅಂಚಿನಲ್ಲಿ ನಿಲ್ಲುತ್ತದೆ. ನಿಜವಾಗಿ ಸಾಕಷ್ಟು ಒತ್ತಡ ಸಿಗುವುದು ನೆಲಮಹಡಿಯವರಿಗೆ ಮಾತ್ರ.

ಅಂಚಿನ ಮಹಡಿಗಳಲ್ಲಿ ಒಂದು ವಿಚಿತ್ರ ಲಕ್ಷಣ ಕಾಣುತ್ತದೆ: ಬೆಳಿಗ್ಗೆ ಟಾಂಕಿ ತುಂಬಿದಾಗ ಫ್ರಿಜ್ ಸರಿಯಾಗಿ ನೀರು ಕೊಡುತ್ತದೆ, ಸಂಜೆ ಟಾಂಕಿಯ ತಳ ಕಾಣುವ ಹೊತ್ತಿಗೆ ಕೊಡುವುದಿಲ್ಲ. ಟಾಂಕಿಯ ನೀರು ಒಂದೂವರೆ, ಎರಡು ಮೀಟರ್ ಇಳಿದರೆ 2, 3 ಪಿಎಸ್‌ಐ ಹೋಯಿತು. ಅಂಚಿನಲ್ಲಿರುವವರಿಗೆ ಅಷ್ಟೇ ಸಾಕು. ದೋಷ ಹೊತ್ತು ನೋಡಿಕೊಂಡು ಬರುತ್ತಿದ್ದರೆ ಫ್ರಿಜ್ಜನ್ನು ಬಿಚ್ಚಬೇಡಿ.

ಹಳೇ ಫ್ಲ್ಯಾಟುಗಳಲ್ಲಿ ಅಡುಗೆಮನೆಯ ಅಟ್ಟದ ಮೇಲೆ ಸಣ್ಣ ಟಾಂಕಿ ಇಟ್ಟಿರುತ್ತಾರೆ. ಮುನ್ಸಿಪಾಲಿಟಿ ನೀರು ಬಿಡುವ ಹೊತ್ತಿನಲ್ಲಿ ಅದನ್ನು ತುಂಬಿಸಿಕೊಂಡು ದಿನವಿಡೀ ಬಳಸುವ ಏರ್ಪಾಟು. ಆ ಟಾಂಕಿಯಿಂದ ಫ್ರಿಜ್ಜಿಗೆ ಸಿಗುವುದು 2, 3 ಪಿಎಸ್‌ಐ. ಅದರಲ್ಲಿ ಯಾವ ವಾಲ್ವೂ ನೆಟ್ಟಗೆ ಕೆಲಸ ಮಾಡದು. ಹಾಗೆಂದು ಫ್ರಿಜ್ಜನ್ನು ನೇರ ಮುನ್ಸಿಪಾಲಿಟಿ ಲೈನಿಗೆ ಜೋಡಿಸಿದರೆ ನೀರು ಬಿಡುವ ಆ ಕೆಲವು ಗಂಟೆ ಬಿಟ್ಟು ಉಳಿದ ಹೊತ್ತು ಪೈಪಿನಲ್ಲಿ ಗಾಳಿ. ನೇರ ಲೈನಿಗೆ ಮೋಟಾರ್ ಕೂರಿಸಿ ಎಳೆಯುವುದಂತೂ ಕಾನೂನಿಗೆ ವಿರುದ್ಧ, ಅಕ್ಕಪಕ್ಕದವರ ನೀರನ್ನು ಕಸಿದಂತೆ.

ಎತ್ತರದ ಟವರುಗಳಲ್ಲಿ ಸಮಸ್ಯೆ ತಿರುವುಮುರುವು. 20 ಮಹಡಿ ಇಳಿದ ನೀರಿಗೆ 85 ಪಿಎಸ್‌ಐ ಇರುತ್ತದೆ. ಒಳ್ಳೆಯ ಹೌಸಿಂಗ್ ಸೊಸೈಟಿಗಳಲ್ಲಿ ಕೆಳ ಮಹಡಿಗಳಿಗೆ ಪ್ರೆಷರ್ ಕಡಿಮೆ ಮಾಡುವ ವಾಲ್ವ್, ಮೇಲಿನ ಕೆಲವು ಮಹಡಿಗಳಿಗೆ ಬೂಸ್ಟರ್ ಪಂಪ್ ಹಾಕಿರುತ್ತಾರೆ. ನಿಮ್ಮ ಮಹಡಿಗೆ ಏನಿದೆಯೆಂದು ಸೊಸೈಟಿಯ ಪ್ಲಂಬರ್ ಒಂದು ಮಾತಿನಲ್ಲಿ ಹೇಳುತ್ತಾನೆ. ಫ್ರಿಜ್ ಬುಕ್ ಮಾಡುವ ಮುಂಚೆಯೇ ಕೇಳಿ.

ಅಳೆಯುವುದು ಹೇಗೆ

"ನಮ್ಮನೇಲಿ ನೀರಿಗೆ ಫೋರ್ಸ್ ಚೆನ್ನಾಗಿದೆ" ಎಂಬ ಮಾತನ್ನು ನಂಬಬೇಡಿ. ಅರ್ಧ ಇಂಚಿನ ನಲ್ಲಿಯಲ್ಲಿ ಒತ್ತಡ ಕಡಿಮೆ ಇದ್ದರೂ ಬಕೆಟ್ ಬೇಗ ತುಂಬುತ್ತದೆ, ಏಕೆಂದರೆ ದಾರಿ ಅಗಲ. ಫ್ರಿಜ್ಜಿನ ಪೈಪಿಗೆ ಹೊರ ಅಳತೆ ಕಾಲಿಂಚು, ಅಂದರೆ 6.35 ಮಿ.ಮೀ.; ಒಳಗಿನ ತೂತು ಸುಮಾರು 4.3 ಮಿ.ಮೀ. ಮಾತ್ರ. ಅಷ್ಟು ಸಪೂರ ದಾರಿಯಲ್ಲಿ ನೀರು ತಳ್ಳಲು ಒತ್ತಡವೇ ಬೇಕು.

ಹಾರ್ಡ್‌ವೇರ್ ಅಂಗಡಿಯಲ್ಲಿ 0ಯಿಂದ 10 ಬಾರ್ ತೋರಿಸುವ ಮುಳ್ಳಿನ ಗೇಜ್ ಸಿಗುತ್ತದೆ. ಸಿಂಕಿನ ಕೆಳಗೆ ಗೋಡೆಯಲ್ಲಿರುವ ಸಣ್ಣ ನಲ್ಲಿಗೆ (ಆಂಗಲ್ ಕಾಕ್) ಅದನ್ನು ಕೂರಿಸಿ ಎರಡು ಸಲ ಓದಿ: ಮನೆಯ ಎಲ್ಲ ನಲ್ಲಿ ಮುಚ್ಚಿದಾಗ ಒಮ್ಮೆ, ಬಾತ್‌ರೂಮಿನ ನಲ್ಲಿ ಪೂರ್ತಿ ಬಿಟ್ಟಾಗ ಒಮ್ಮೆ. ಎರಡನೆಯ ಸಂಖ್ಯೆಯೇ ಮುಖ್ಯ. ಮುಚ್ಚಿದಾಗ 1.7 ಬಾರ್ (25 ಪಿಎಸ್‌ಐ), ಬಿಟ್ಟಾಗ 0.6 ಬಾರ್ (9 ಪಿಎಸ್‌ಐ) ಎಂದು ತೋರಿಸಿದರೆ ಎತ್ತರ ಸಾಕಷ್ಟಿದೆ, ಪೈಪಿನ ಒಳಗೆ ತುಕ್ಕು ಕಟ್ಟಿದೆ ಅಥವಾ ಎಲ್ಲೋ ಒಂದು ವಾಲ್ವ್ ಅರ್ಧ ಮುಚ್ಚಿದೆ. ಬಿಲ್ಡಿಂಗಿನಲ್ಲಿ ಎಲ್ಲರೂ ಸ್ನಾನಕ್ಕೆ ಹೋಗುವ ಬೆಳಗಿನ 7, 8 ಗಂಟೆಗೆ ಅಳೆದರೆ ನಿಜ ಸ್ಥಿತಿ ತಿಳಿಯುತ್ತದೆ.

ಗೇಜ್ ಇಲ್ಲದವರು ಹೀಗೆ ಮಾಡಬಹುದು. ಫ್ರಿಜ್ಜಿನ ಹಿಂಬದಿಯ ಪೈಪನ್ನು ಬಿಚ್ಚಿ, ಅದೇ ಎತ್ತರದಲ್ಲಿ ಹಿಡಿದು 1 ಲೀಟರಿನ ಬಾಟಲಿಗೆ ನೀರು ಬಿಡಿ. ಪೈಪು 5 ಮೀಟರಿನಷ್ಟು ಉದ್ದವಿದ್ದರೆ, ಒತ್ತಡ ಸಾಕಷ್ಟಿರುವಲ್ಲಿ ಬಾಟಲಿ ಸುಮಾರು ಅರ್ಧ ನಿಮಿಷದಲ್ಲಿ ತುಂಬುತ್ತದೆ. ಒಂದು ನಿಮಿಷ ಹಿಡಿದರೆ ಫ್ರಿಜ್ಜಿನದೇನೂ ತಪ್ಪಿಲ್ಲ. ಪೈಪು ಬಿಚ್ಚದೆ ನೋಡಬೇಕೆಂದರೆ ಬಾಗಿಲಿನ ಲಿವರ್ ಒತ್ತಿ 10 ಸೆಕೆಂಡು ಅಳತೆಯ ಲೋಟ ಹಿಡಿಯಿರಿ, 170 ಮಿ.ಲೀ.ಗಿಂತ ಕಡಿಮೆ ಬಂದರೆ ಒತ್ತಡ ಸಾಲದು ಅಥವಾ ಫಿಲ್ಟರ್ ಕಟ್ಟಿದೆ. ಯಾವುದೆಂದು ತಿಳಿಯಲು ಫಿಲ್ಟರ್ ತೆಗೆದು, ಅದರ ಜಾಗದಲ್ಲಿ ನೀರನ್ನು ನೇರ ಹಾಯಿಸುವ ಬೈಪಾಸ್ ಪ್ಲಗ್ ಹಾಕಿ ಮತ್ತೆ ಅಳೆಯಿರಿ. ಕೆಲವು ಮಾದರಿಗಳಲ್ಲಿ ಫಿಲ್ಟರ್ ತೆಗೆದರೆ ತಾನಾಗಿ ಬೈಪಾಸ್ ಆಗುತ್ತದೆ.

ಒತ್ತಡ ಕಡಿಮೆಯಿದ್ದರೆ

ಕಡಿಮೆ ಒತ್ತಡದಿಂದ ನೀರು ನಿಧಾನ ಬರುವುದು ಎಲ್ಲರಿಗೂ ಅರ್ಥವಾಗುತ್ತದೆ. ಅದರಿಂದಲೇ ನೀರು ಸೋರುತ್ತದೆ ಎಂದರೆ ಹೆಚ್ಚಿನವರು ಒಪ್ಪುವುದಿಲ್ಲ, ಆದರೆ ಅದೇ ನಿಜ. ಫ್ರಿಜ್ಜಿನ ವಾಲ್ವ್ ಒಳಗೆ ರಬ್ಬರಿನ ಒಂದು ಪೊರೆ ಇರುತ್ತದೆ. ವಾಲ್ವಿಗೆ ಬರುವ ಕರೆಂಟ್ ನಿಂತಾಗ ಅದನ್ನು ಗಟ್ಟಿಯಾಗಿ ಒತ್ತಿ ದಾರಿ ಮುಚ್ಚುವುದರಲ್ಲಿ ಸ್ಪ್ರಿಂಗಿನ ಜೊತೆ ನೀರಿನ ಒತ್ತಡದ ಪಾಲೂ ಇದೆ. ಒತ್ತಡ 20 ಪಿಎಸ್‌ಐಗಿಂತ ಕೆಳಗಿದ್ದರೆ ಪೊರೆ ಪೂರ್ತಿ ಕೂರದೆ ತೊಟ್ಟು ತೊಟ್ಟಾಗಿ ನೀರು ಐಸ್ ಮೇಕರಿಗೆ ಇಳಿಯುತ್ತದೆ. ಐಸ್ ಡಬ್ಬಿಯಲ್ಲಿ ಗಡ್ಡೆ ಕಟ್ಟುವುದು, ನೀರು ಇಳಿಯುವ ಕೊಳವೆಯೊಳಗೇ ಐಸ್ ಹೆಪ್ಪುಗಟ್ಟುವುದು ಎಷ್ಟೋ ಸಲ ಇದರಿಂದ. ಮೆಕ್ಯಾನಿಕ್ ಹೊಸ ವಾಲ್ವ್ ಹಾಕುತ್ತಾನೆ, ಅದೂ ಸೋರುತ್ತದೆ.

ದಾರಿ ಮೂರು. ಟಾಂಕಿಯಿಂದ ಬರುವ ಲೈನಿಗೆ ಮಾತ್ರ, ಪ್ರೆಷರ್ ಸ್ವಿಚ್ ಇರುವ ಸಣ್ಣ ಬೂಸ್ಟರ್ ಪಂಪ್ ಹಾಕಬಹುದು. ಲಿವರ್ ಒತ್ತಿದಾಗ ಒತ್ತಡ ಬಿದ್ದು ಪಂಪ್ ಶುರುವಾಗುತ್ತದೆ, ಬಿಟ್ಟಾಗ ನಿಲ್ಲುತ್ತದೆ. ಸ್ವಿಚ್ ಇಲ್ಲದ ಪಂಪನ್ನು ಅಗ್ಗವೆಂದು ತಂದು ಕೂರಿಸಬೇಡಿ; ವಾಲ್ವ್ ಮುಚ್ಚಿದ ಮೇಲೂ ಅದು ತಳ್ಳುತ್ತಲೇ ಇದ್ದು ಜಾಯಿಂಟ್ ಕಿತ್ತುಬರುತ್ತದೆ. ಎರಡನೆಯದು, ಮೇಲಿನ ಮಹಡಿಯವರು ಗೀಸರ್, ಶವರ್ ಎಲ್ಲಕ್ಕೂ ಸೇರಿ ಇಡೀ ಫ್ಲ್ಯಾಟಿಗೆ ಪ್ರೆಷರ್ ಪಂಪ್ ಹಾಕಿಸಿಕೊಳ್ಳುವುದು. ಮೂರನೆಯದು, ಇನ್ನೂ ಫ್ರಿಜ್ ಕೊಳ್ಳದವರಿಗೆ: ಟಾಂಕಿಯ ಕೆಳಗಿನ ನಾಲ್ಕು ಮಹಡಿಗಳಲ್ಲಿ ಇರುವವರು ಒಳಗೇ ನೀರಿನ ಡಬ್ಬಿಯಿರುವ ಮಾದರಿ ಕೊಳ್ಳುವುದೇ ಮೇಲು.

ಗೋಡೆಯ ಆರ್‌ಓದಿಂದ ಫ್ರಿಜ್ಜಿಗೆ ಪೈಪು ಎಳೆಯುವ ತಪ್ಪು

ಇದು ತುಂಬಾ ಮನೆಗಳಲ್ಲಿ ಆಗುತ್ತದೆ. ಗೋಡೆಯ ಮೇಲಿನ ಆರ್‌ಓ ಯಂತ್ರದೊಳಗಿನ 7, 8 ಲೀಟರಿನ ಟಾಂಕಿ ಬರೀ ಪ್ಲಾಸ್ಟಿಕ್ ಡಬ್ಬಿ, ಅದರಲ್ಲಿ ಒತ್ತಡವೇ ಇಲ್ಲ. ಯಂತ್ರದೊಳಗೆ ಪಂಪ್ ಇದೆಯಲ್ಲ ಎಂದು ಕೇಳುತ್ತಾರೆ. ಆ ಪಂಪ್ ನೀರನ್ನು ಮೆಂಬ್ರೇನಿಗೆ, ಅಂದರೆ ನೀರು ಸೋಸುವ ಪೊರೆಗೆ, ತಳ್ಳುತ್ತದೆ. ಶುದ್ಧವಾಗಿ ಆಚೆ ಬಂದ ನೀರು ಹನಿಹನಿಯಾಗಿ ಡಬ್ಬಿಗೆ ಬೀಳುತ್ತದೆ, ಅಷ್ಟೆ. ಫ್ರಿಜ್ಜಿಗೆ ಆರ್‌ಓ ನೀರೇ ಬೇಕೆಂದಿದ್ದರೆ ಸಿಂಕಿನ ಕೆಳಗೆ ಇಡುವ, ಗಾಳಿಯ ಒತ್ತಡದಲ್ಲಿ ನೀರು ಹಿಡಿದಿಡುವ ಲೋಹದ ಟಾಂಕಿಯ ಮಾದರಿ ಬೇಕು. ಇಲ್ಲವೇ ಡಬ್ಬಿಯ ನಂತರ ಮೇಲೆ ಹೇಳಿದ ಸ್ವಿಚ್ ಇರುವ ಪಂಪ್ ಹಾಕಬೇಕು. ಆರ್‌ಓ ನೀರು ಕೊಡುವಾಗ ಫ್ರಿಜ್ಜಿನ ಒಳಗಿನ ಫಿಲ್ಟರ್ ತೆಗೆದು ಬೈಪಾಸ್ ಪ್ಲಗ್ ಹಾಕಿ; ಆಗಲೇ ಶುದ್ಧವಾದ ನೀರಿಗೆ ಅದು ಮಾಡುವುದೆಲ್ಲ ಇದ್ದ ಒತ್ತಡವನ್ನೂ ತಿನ್ನುವುದು.

ಪುಣೆಯ ವಾಕಡ್, ಹಿಂಜವಡಿ ಕಡೆ ಬೋರ್‌ವೆಲ್, ಟ್ಯಾಂಕರ್ ನೀರು ಕುಡಿಯುವ ಸೊಸೈಟಿಗಳಲ್ಲಿ ಆರ್‌ಓಗೆ ಅರ್ಥವಿದೆ. ಗಡಸು ನೀರಿನಿಂದ ಕಟ್ಟಿದ ಐಸ್ ಕರಗಿದಾಗ ಲೋಟದ ತಳದಲ್ಲಿ ಬಿಳಿ ಪುಡಿ ಕೂರುತ್ತದೆ. ನೀರು ಹೆಪ್ಪುಗಟ್ಟುವಾಗ ಅದರಲ್ಲಿ ಕರಗಿದ್ದ ಸುಣ್ಣದ ಅಂಶ ಬೇರ್ಪಟ್ಟದ್ದು ಅದು. ಫ್ರಿಜ್ ಹಾಳಾದ ಲಕ್ಷಣವಲ್ಲ. ಫ್ರಿಜ್ಜಿನ ಕಾರ್ಬನ್ ಫಿಲ್ಟರ್ ಕ್ಲೋರಿನ್ ವಾಸನೆ ತೆಗೆಯುತ್ತದೆ, ಟಿಡಿಎಸ್, ಅಂದರೆ ನೀರಿನಲ್ಲಿ ಕರಗಿರುವ ಲವಣಗಳ ಪ್ರಮಾಣ, ಇಳಿಸುವುದಿಲ್ಲ. ಭಾತ್ಸಾ, ವೈತರಣಾ, ತಾನ್ಸಾ ಕೆರೆಗಳಿಂದ ಬರುವ ಮುಂಬಯಿಯ ಮುನ್ಸಿಪಾಲಿಟಿ ನೀರು ಮೆದು. ಅದೇ ನೀರು ಮನೆಗೆ ಬರುವವರು ಬರೀ ಐಸಿಗಾಗಿ ಆರ್‌ಓ ಹಾಕಬೇಕಿಲ್ಲ.

ಲೈನು ಎಳೆಯುವಾಗ ಆಗುವ ತಪ್ಪುಗಳು

ಸಿಂಕಿನ ಕೆಳಗೆ ಎರಡು ಲೈನು ಇರುತ್ತವೆ, ತಣ್ಣೀರಿನದು ಮತ್ತು ಗೀಸರಿನದು. ಫ್ರಿಜ್ಜಿಗೆ ತಣ್ಣೀರಿನದೇ ಆಗಬೇಕು. ಗೋಡೆಯಲ್ಲಿ ಎರಡೂ ಒಂದೇ ತರ ಕಾಣುವುದರಿಂದ ಗೀಸರ್ ಹಾಕಿ ಕೈಯಿಟ್ಟು ನೋಡಿಯೇ ಜೋಡಿಸಿ. ಪ್ಲಂಬರಿಗೆ "ಟಂಕೀವಾಲಾ ಥಂಡಾ ಲೈನ್" ಎಂದು ಬಿಡಿಸಿ ಹೇಳಿ.

ಬೇಕಾಗುವ ಸಾಮಾನು ಇಷ್ಟು: ಅರ್ಧ ಇಂಚಿನ ಆಂಗಲ್ ಕಾಕಿಗೆ ಕೂರುವ, ಪಕ್ಕಕ್ಕೆ ಕಾಲಿಂಚಿನ ದಾರಿಯಿರುವ ಹಿತ್ತಾಳೆಯ ಟೀ (ಮೂರು ಬಾಯಿಯ ಜೋಡಣೆ), ಅದಕ್ಕೊಂದು ಬಾಲ್ ವಾಲ್ವ್, ಕುಡಿಯುವ ನೀರಿಗೆ ತಕ್ಕ ಕಾಲಿಂಚಿನ ಪಾಲಿಥೀನ್ ಪೈಪು (ಅಂಗಡಿಯಲ್ಲಿ ಆರ್‌ಓ ಪೈಪ್ ಎಂದರೆ ಕೊಡುತ್ತಾರೆ), ಟೆಫ್ಲಾನ್ ಟೇಪ್, ಪೈಪಿಗೆ ಲಾಕ್ ಕ್ಲಿಪ್. ಪೈಪಿಗೆ ತೂತು ಕೊರೆದು ಬಿಗಿಯುವ ಸ್ಯಾಡಲ್ ವಾಲ್ವ್ ಬೇಡವೇ ಬೇಡ. ಅದರ ತೂತು ಸಪೂರ, ಕಸ ಬೇಗ ಕಟ್ಟುತ್ತದೆ, ಸಿಪಿವಿಸಿ ಎಂಬ ಪ್ಲಾಸ್ಟಿಕ್ ಪೈಪಿನಲ್ಲಿ ಸೀಳು ಬಿಡುತ್ತದೆ.

ಟೇಪನ್ನು ಮರೆ (ಥ್ರೆಡ್) ಬಿಗಿಯುವ ದಿಕ್ಕಿನಲ್ಲೇ ಎಂಟು ಹತ್ತು ಸುತ್ತು ಸುತ್ತಿ, ಮೊದಲ ಮರೆ ಖಾಲಿ ಬಿಡಿ. ತುದಿಯವರೆಗೆ ಸುತ್ತಿದರೆ ಟೇಪಿನ ಚೂರು ಒಳಗೆ ಹರಿದು ಹೋಗಿ ಫ್ರಿಜ್ಜಿನ ವಾಲ್ವಿನ ಬಾಯಲ್ಲಿರುವ ಸಣ್ಣ ಜಾಲರಿಗೆ ಅಂಟಿಕೊಳ್ಳುತ್ತದೆ. ಹೊಸ ಲೈನಿನಲ್ಲಿ ಎರಡನೇ ದಿನಕ್ಕೆ ನೀರು ನಿಂತರೆ ಮೊದಲ ಅನುಮಾನ ಇದರ ಮೇಲೆಯೇ ಇರಲಿ. ಪೈಪನ್ನು ಹರಿತವಾದ ಬ್ಲೇಡಿನಿಂದ ನೇರವಾಗಿ ಕತ್ತರಿಸಿ. ಅಡುಗೆಮನೆಯ ಕತ್ತರಿ ಪೈಪನ್ನು ಅಂಡಾಕಾರಕ್ಕೆ ಅಮುಕುತ್ತದೆ, ಜಾಯಿಂಟಿನೊಳಗಿನ ರಬ್ಬರಿನ ಬಳೆ (ಓ ರಿಂಗ್) ಹಿಡಿಯುವುದಿಲ್ಲ. ತುದಿಯಿಂದ ಸುಮಾರು 15 ಮಿ.ಮೀ.ಗೆ ಪೆನ್ಸಿಲ್ ಗುರುತು ಹಾಕಿ, ಗುರುತು ಮುಚ್ಚುವವರೆಗೆ ಒಳಗೆ ತಳ್ಳಿ. ಮೊದಲ ತಡೆ ಸಿಕ್ಕಾಗಲೇ ಪೈಪು ಕೂತಿತೆಂದು ಬಿಡುವವರೇ ಹೆಚ್ಚು. ಅದು ಓ ರಿಂಗಿನ ತಡೆ, ಇನ್ನೂ ಒತ್ತಬೇಕು. ಆಮೇಲೆ ಎಳೆದು ನೋಡಿ, ಕ್ಲಿಪ್ ಹಾಕಿ.

ಫ್ರಿಜ್ಜಿಗೆ ಸಿಕ್ಕಿಸುವ ಮುಂಚೆ ಲೈನಿನಿಂದ 3, 4 ಲೀಟರ್ ನೀರನ್ನು ಬಕೆಟಿಗೆ ಬಿಟ್ಟು ಕಸ ತೊಳೆಯಿರಿ. ಫ್ರಿಜ್ಜನ್ನು ಮುಂದಕ್ಕೆಳೆಯಲು ಆಗುವಂತೆ ಹಿಂದೆ 2 ಮೀಟರ್ ಪೈಪನ್ನು ದೊಡ್ಡ ಸುತ್ತಾಗಿ ಬಿಡಿ. ಫ್ರಿಜ್ ತಳ್ಳಿದಾಗ ಗೋಡೆಗೆ ಸಿಕ್ಕಿ ಪೈಪು ಮಡಚುವುದು ಬಹಳ ಸಾಮಾನ್ಯ. ಒಮ್ಮೆ ಮಡಚಿದ ಜಾಗ ಮತ್ತೆ ದುಂಡಾಗದು, ಆ ತುಂಡು ಕತ್ತರಿಸಿ ತೆಗೆಯಬೇಕು. ನೆಲಮಹಡಿ, ಹಳೇ ಬಿಲ್ಡಿಂಗುಗಳಲ್ಲಿ ಇಲಿ ಈ ಪೈಪನ್ನು ಕಡಿಯುತ್ತದೆ. ಅಲ್ಲಿ ಪೈಪನ್ನು ಗಟ್ಟಿ ಪಿವಿಸಿ ಕೇಸಿಂಗ್ ಒಳಗೆ ಹಾಯಿಸಿ ಅಥವಾ ಸ್ಟೀಲ್ ಹೆಣಿಗೆಯ ಹೋಸ್ ಹಾಕಿ.

ಶಬ್ದ ಕೇಳಿ

ನೀರು ಸ್ವಲ್ಪವೂ ಬಾರದಿದ್ದರೆ ಲಿವರ್ ಒತ್ತಿ ಹಿಡಿದು ಫ್ರಿಜ್ಜಿನ ಹಿಂದೆ ಕಿವಿಗೊಡಿ. ಗುಂಯ್ ಎನ್ನುವ ಸಣ್ಣ ಸದ್ದೋ ಟಕ್ ಎನ್ನುವ ಸದ್ದೋ ಕೇಳಿದರೆ ವಾಲ್ವಿಗೆ ಕರೆಂಟ್ ಬರುತ್ತಿದೆ; ನೀರು ವಾಲ್ವಿನ ತನಕ ಬರುತ್ತಿಲ್ಲ, ಜಾಲರಿ ಕಟ್ಟಿದೆ ಅಥವಾ ಫ್ರೀಜರ್ ಬಾಗಿಲೊಳಗಿನ ಪೈಪು ಹೆಪ್ಪುಗಟ್ಟಿದೆ. ಪ್ಲಗ್ ತೆಗೆದು, ಬಾಲ್ ವಾಲ್ವ್ ಮುಚ್ಚಿ, ಪೈಪು ಬಿಚ್ಚಿದರೆ ವಾಲ್ವಿನ ಬಾಯಲ್ಲಿ ಜಾಲರಿ ಕಾಣುತ್ತದೆ. ಹಳೇ ಟೂತ್‌ಬ್ರಷಿನಿಂದ ತೊಳೆದರೆ ಸಾಕು. ಬಾಗಿಲಿನ ಪೈಪು ಹೆಪ್ಪುಗಟ್ಟಿದ್ದರೆ ಫ್ರೀಜರನ್ನು ಮೈನಸ್ 18 ಡಿಗ್ರಿಗೆ ತನ್ನಿ. ಮೈನಸ್ 22, 23ರಲ್ಲಿ ಇಡುವ ಮನೆಗಳಲ್ಲೇ ಈ ತೊಂದರೆ ಹೆಚ್ಚು. ಕಂಬಿ ಹಾಕಿ ಚುಚ್ಚಬೇಡಿ, ಪೈಪು ತೂತಾಗುತ್ತದೆ. ಪ್ಲಗ್ ತೆಗೆದು ಬಾಗಿಲು ಕೆಲವು ಗಂಟೆ ತೆರೆದಿಡಿ.

ಯಾವ ಸದ್ದೂ ಇಲ್ಲದಿದ್ದರೆ ಚೈಲ್ಡ್ ಲಾಕ್ ನೋಡಿ, ಬಾಗಿಲು ಪೂರ್ತಿ ಮುಚ್ಚಿದೆಯೇ ನೋಡಿ. ಬಾಗಿಲು ತೆರೆದಿದ್ದರೆ ನೀರು ಬಾರದಂತೆ ಸ್ವಿಚ್ ಇರುತ್ತದೆ. ಎರಡೂ ಸರಿಯಿದ್ದರೆ ಲಿವರಿನ ಸ್ವಿಚ್ ಅಥವಾ ವಾಲ್ವಿನ ಕಾಯಿಲ್ ಹೋಗಿದೆ. ಪ್ಲಗ್ ತೆಗೆದು, ಕಾಯಿಲಿನ ವಯರ್ ಬಿಡಿಸಿ ಮೀಟರ್ ಹಿಡಿದಾಗ ಓಪನ್, ಅಂದರೆ ಕರೆಂಟ್ ಹರಿಯುವ ದಾರಿ ಕಡಿದಿದೆ ಎಂದು, ತೋರಿಸಿದರೆ ಕಾಯಿಲ್ ಸುಟ್ಟಿದೆ. ವಾರಂಟಿ ಇದ್ದವರು ಇಲ್ಲಿಗೆ ನಿಲ್ಲಿಸಿ ಮೆಕ್ಯಾನಿಕ್ ಕರೆಸಿ. ಈಗ ಕರೆಸಿದ್ದಕ್ಕೆ ಅರ್ಥವಿದೆ.

ಲಿವರ್ ಬಿಟ್ಟ ಮೇಲೆ ಸ್ವಲ್ಪ ಹೊತ್ತು ತೊಟ್ಟಿಕ್ಕುತ್ತಿದ್ದರೆ ಲೈನಿನಲ್ಲಿ ಗಾಳಿ ಸಿಕ್ಕಿದೆ. ಸೊಸೈಟಿಯ ಟಾಂಕಿ ಖಾಲಿಯಾಗಿ ಮತ್ತೆ ತುಂಬಿದ ದಿನ ಇದು ಖಂಡಿತ. ಲಿವರನ್ನು ಐದು ಸೆಕೆಂಡು ಒತ್ತಿ, ಐದು ಸೆಕೆಂಡು ಬಿಟ್ಟು, 3, 4 ಲೀಟರ್ ಹೊರಗೆ ಹಾಕಿದರೆ ನಿಲ್ಲುತ್ತದೆ. ವಾಲ್ವ್ ಮುಚ್ಚಿದಾಗ ಗೋಡೆಯಲ್ಲಿ ಧಡ್ ಎಂದು ಬಡಿದರೆ ಒತ್ತಡ ಹೆಚ್ಚು, ಪೈಪು ಸಡಿಲ. ಕ್ಲ್ಯಾಂಪ್ ಬಿಗಿದು, ಲೈನಿಗೆ ಪ್ರೆಷರ್ ಕಡಿಮೆ ಮಾಡುವ ವಾಲ್ವ್ ಹಾಕಿಸಿ.

ಐಸ್ ವಿಚಾರ

ಹೊಸ ಫ್ರಿಜ್ ಮೊದಲ ದಿನವೇ ಐಸ್ ಕೊಡದು. ಫ್ರೀಜರ್ ಪೂರ್ತಿ ತಣಿದು ಮೊದಲ ತುಂಡು ಬೀಳಲು 24 ಗಂಟೆ ಹಿಡಿಯುತ್ತದೆ. ಮೊದಲ ಎರಡು ಮೂರು ಡಬ್ಬಿ ಐಸ್ ಚೆಲ್ಲಿಬಿಡಿ. ಫಿಲ್ಟರ್ ಹೊಸದಾದಾಗ ಕಪ್ಪು ಪುಡಿ ಹೋಗುವ ತನಕ ನೀರು ಬಿಡಬೇಕು. ಮಾದರಿಯ ಮೇಲೆ 4ರಿಂದ 12 ಲೀಟರ್.

ಐಸ್ ಮೇಕರಿನ ಟ್ರೇಗೆ ಹೆಚ್ಚಿನ ಫ್ರಿಜ್ಜುಗಳಲ್ಲಿ ನೀರು ತುಂಬುವುದು ಅಳತೆಯಿಂದಲ್ಲ, ಹೊತ್ತಿನಿಂದ. ವಾಲ್ವ್ ಕೆಲವೇ ಸೆಕೆಂಡು ತೆರೆದು ಮುಚ್ಚುತ್ತದೆ. ಒತ್ತಡ ಕಡಿಮೆಯಿದ್ದರೆ ಅಷ್ಟು ಹೊತ್ತಿನಲ್ಲಿ ಅರ್ಧ ಟ್ರೇ ತುಂಬುತ್ತದೆ. ತುಂಡು ಚಿಕ್ಕದು, ಟೊಳ್ಳು ಆಗುವುದು ಇದರಿಂದಲೇ. ಒಂದು ಬದಿಯ ತುಂಡು ದಪ್ಪ, ಇನ್ನೊಂದು ಬದಿಯದು ತೆಳ್ಳಗೆ ಇದ್ದರೆ ಫ್ರಿಜ್ ಅಡ್ಡಕ್ಕೆ ವಾಲಿದೆ. ಸ್ಪಿರಿಟ್ ಲೆವೆಲ್ ಇಟ್ಟು ಎಡಬಲ ಸರಿಮಾಡಿ, ಬಾಗಿಲು ತಾನಾಗಿ ಮುಚ್ಚುವಂತೆ ಮುಂಭಾಗವನ್ನು ಕೂದಲೆಳೆಯಷ್ಟು ಎತ್ತರಿಸಿ.

ಫ್ರಿಜ್ಜಿನ ಕೆಳಗೆ ನೀರು

ಮೊದಲು ಬಾಲ್ ವಾಲ್ವ್ ಮುಚ್ಚಿ, ನೆಲ ಒರೆಸಿ, ಹಿಂದೆಯೂ ಮುಂದೆಯೂ ಒಣ ಕಾಗದ ಹಾಸಿ ಒಂದು ರಾತ್ರಿ ಬಿಡಿ. ಬೆಳಿಗ್ಗೆ ಕಾಗದ ಒಣಗಿದ್ದರೆ ಸೋರುವುದು ಲೈನು. ಪ್ರತಿ ಜಾಯಿಂಟಿಗೂ ಟಿಶ್ಯೂ ಸುತ್ತಿ ವಾಲ್ವ್ ತೆರೆದರೆ ಯಾವುದು ನೆನೆಯುತ್ತದೆಂದು ತಿಳಿಯುತ್ತದೆ. ವಾಲ್ವ್ ಮುಚ್ಚಿದ್ದರೂ ಕಾಗದ ಒದ್ದೆಯಾದರೆ ಅದು ಡಿಫ್ರಾಸ್ಟ್ ನೀರು, ಅಂದರೆ ಫ್ರೀಜರಿನ ಮಂಜು ಕರಗಿ ಇಳಿದ ನೀರು. ಫ್ರೀಜರಿನ ಹಿಂಬದಿಯ ಕಿರುಕಾಲುವೆ ಕಟ್ಟಿದೆ, ತರಕಾರಿ ಡಬ್ಬಿಯ ಕೆಳಗೂ ನೀರು ನಿಂತಿರುತ್ತದೆ. ಗೋವಾದಲ್ಲಿ, ಕೊಂಕಣ ತೀರದಲ್ಲಿ ಜೂನಿನಿಂದ ಸೆಪ್ಟೆಂಬರ್ ತನಕ ಬಾಗಿಲ ಅಂಚು, ನೀರು ಹಿಡಿಯುವ ಗೂಡು ಬೆವರುವುದು ಸಹಜ. ಫ್ರಿಜ್ಜಿನಲ್ಲಿ ವಿದ್ಯುತ್ ಉಳಿತಾಯದ ಬಟನ್ ಇದ್ದರೆ ಆ ತಿಂಗಳುಗಳಲ್ಲಿ ಆರಿಸಿಡಿ. ಕೆಲವು ಮಾದರಿಗಳಲ್ಲಿ ಅದು ಬಾಗಿಲ ಅಂಚನ್ನು ಬೆಚ್ಚಗಿಡುವ ಹೀಟರನ್ನೇ ನಿಲ್ಲಿಸಿರುತ್ತದೆ. ವಾಸ್ಕೊ, ಪಣಜಿಯ ಉಪ್ಪುಗಾಳಿಗೆ ಕಬ್ಬಿಣದ ಕ್ಲ್ಯಾಂಪ್ ಬೇಗ ತುಕ್ಕು ಹಿಡಿಯುತ್ತದೆ, ಹಿತ್ತಾಳೆ ಅಥವಾ ಪ್ಲಾಸ್ಟಿಕ್ ಹಾಕಿ.

ಸೊಸೈಟಿಯವರು ಟಾಂಕಿ ತೊಳೆಯುವ ನೋಟಿಸ್ ಹಚ್ಚಿದ ದಿನ ಫ್ರಿಜ್ಜಿನ ಬಾಲ್ ವಾಲ್ವ್ ಮುಚ್ಚಿ, ಐಸ್ ಮೇಕರ್ ಆರಿಸಿ. ತೊಳೆದ ಮೇಲೆ ಬರುವ ಕಂದು ನೀರು ಸಿಂಕಿನ ನಲ್ಲಿಯಲ್ಲಿ ತಿಳಿಯಾಗುವ ತನಕ ತೆರೆಯಬೇಡಿ; ಆರು ತಿಂಗಳು ಬಾಳಬೇಕಾದ ಫಿಲ್ಟರ್ ಆ ಒಂದು ದಿನದಲ್ಲಿ ಕಟ್ಟಿಕೊಳ್ಳುತ್ತದೆ. ಮಳೆಗಾಲದಲ್ಲಿ ನೀರು ಕದಡುವ ಕಡೆ ಲೈನಿಗೆ 5 ಮೈಕ್ರಾನಿನ ಸೆಡಿಮೆಂಟ್ ಫಿಲ್ಟರ್ ಹಾಕಿದರೆ ಒಳಗಿನ ದುಬಾರಿ ಫಿಲ್ಟರ್ ಉಳಿಯುತ್ತದೆ. ಮೇ ತಿಂಗಳಲ್ಲಿ ಹದಿನೈದು ದಿನ ಊರಿಗೆ ಹೋಗುವವರೂ ಇದೇ ವಾಲ್ವ್ ಮುಚ್ಚಿ, ಐಸ್ ಡಬ್ಬಿ ಖಾಲಿ ಮಾಡಿ ಹೊರಡಿ. ಮರಳಿ ಬಂದಾಗ ಮೊದಲ 4, 5 ಲೀಟರ್ ನೀರನ್ನು ಗಿಡಗಳಿಗೆ ಹಾಕಿ, ಆಮೇಲೆ ಕುಡಿಯಿರಿ.